ಹೆಪ್ಪು ಮಣ್ಣು

ಮಣ್ಣಿಗೆ ಹೆಪ್ಪು ಹಾಕುವುದನ್ನು ನನಗೆ ಕಲಿಸಿದವರು ನನ್ನ ಅತ್ತೆ. ಹಾಲಿಗೆ ಹೆಪ್ಪು ಹಾಕುವುದು ಎಲ್ಲರಿಗೂ ಗೊತ್ತು. ಮಣ್ಣಿಗೆ ಹಾಕುವುದು ನಮ್ಮ ಮನೆಯಲ್ಲಿ ಮಾತ್ರ ಇತ್ತೋ ಬೇರೆ ಕುಂಬಾರರ ಮನೆಗಳಲ್ಲೂ ಇತ್ತೋ, ನಾನು ವಿಚಾರಿಸಿಲ್ಲ. ನನ್ನ ತವರು ಪಿರಿಯಾಪಟ್ಟಣದ ಕಡೆ. ಅಲ್ಲಿ ನಮ್ಮವ್ವನೂ ಹಬ್ಬಕ್ಕೆ ಮಣ್ಣಿನ ಗೌರಿ ಮಾಡುತ್ತಿದ್ದಳು, ಹೆಪ್ಪು ಗಿಪ್ಪು ಏನೂ ಇರಲಿಲ್ಲ. ಅವಳ ಗೌರಿಗೆ ಮೂಗು ಒಂದು ಚಿವುಟು, ಬಾಯಿ ಒಂದು ಗೀರು. ಅಷ್ಟಕ್ಕೇ ಜನ ಕೈಮುಗಿಯುತ್ತಿದ್ದರು.

ಮದುವೆಯಾಗಿ ಭೇರ್ಯದ ಹತ್ತಿರದ ಹಳ್ಳಿಗೆ ಬಂದಾಗ ನಾನಿನ್ನೂ ಹುಡುಗಿ. ಕೃಷ್ಣರಾಜನಗರ ಅನ್ನುವ ಹೆಸರು ಆಗ ಇರಲಿಲ್ಲ, ಎಡತೊರೆ ಅನ್ನುತ್ತಿದ್ದೆವು. ಗಂಡನ ಮನೆಯಲ್ಲಿ ಮಡಕೆ ಮಾಡುವ ಚಕ್ರ, ಅಂದರೆ ತಿಗರಿ, ಗಂಡಸರದು. ಹೆಂಗಸು ತಿಗರಿ ಮುಟ್ಟಿದರೆ ಮಡಕೆ ಸೀಳುತ್ತದೆ ಅಂತ ಮಾತು. ಮಣ್ಣು ಹೊರುವುದು, ಕಲ್ಲು ಆರಿಸುವುದು, ನೀರು ಹಾಕಿ ತುಳಿಯುವುದು, ಮಡಕೆ ಸುಡುವ ಆವಿಗೆಗೆ ಸೌದೆ ಸೆಗಣಿ ಕೂಡಿಸುವುದು ಹೆಂಗಸರದು. ಮಡಕೆ ಸೀಳದಂತೆ ಕಾಯುವ ಕೆಲಸವೆಲ್ಲ ನಮ್ಮದು, ಸೀಳಿದರೆ ಬೈಗುಳವೂ ನಮಗೆ. ಕೈಯಲ್ಲೇ ಮಾಡುವ ಗೌರಿಗೆ ತಿಗರಿ ಬೇಡವಲ್ಲ, ಹಾಗಾಗಿ ಅದೂ ನಮಗೆ ಬಂದಿತ್ತು.

ಹಬ್ಬ ಮುಗಿದು ಊರಿನವರು ಗೌರಿಯನ್ನು ಕೆರೆಗೆ ಬಿಟ್ಟ ಮಾರನೆ ಬೆಳಿಗ್ಗೆ ಅತ್ತೆ ಒಂದು ಕುಡಿಕೆ ಹಿಡಿದು ಹೊರಟರು. ನನ್ನನ್ನೂ ಕರೆದರು. ಸೋಪಾನದ ಕೆಳಗಿನ ಕಲ್ಲಿನ ಮೇಲೆ ಗೌರಿಗಳು ಕರಗಿ ಗುಡ್ಡೆಯಾಗಿ ಕೂತಿದ್ದವು. ಹೂವು, ಬಳೆ ಚೂರು, ಅರಿಶಿನದ ನೀರು. ಅತ್ತೆ ಒಂದು ಹಿಡಿ ಬಾಚಿ ಕುಡಿಕೆಗೆ ಹಾಕಿಕೊಂಡರು.

"ಇದ್ಯಾಕತ್ತೆ?"

"ಎಪ್ಪಿಗೆ ಕಣಮ್ಮಿ. ಬರೋ ವರ್ಸದ ಮಣ್ಗೆ."

"ಮಣ್ಗೂ ಎಪ್ಪಾ?"

"ಆಲ್ಗೆ ಆಕಲ್ವ? ಇದೂ ಅಂಗೇಯ. ಈ ವರ್ಸದ ಗೌರಿ ಬರೋ ವರ್ಸದ ಗೌರಿ ಒಳಿಕೆ ಓಗ್ಬೇಕು."

"ಅಂಗಾರೆ ಎಲ್ಲಾ ವರ್ಸಾನೂ ಅದೇ ಗೌರಿನಾ?"

ಅತ್ತೆ ನನ್ನ ಮುಖ ನೋಡಿದರು. "ನೆನ್ನೆ ಮೊಸ್ರೂ ಇವತ್ತಿನ್ ಮೊಸ್ರೂ ಒಂದೇನಾ? ಬಾಯ್ ಮಾಡ್ಬೇಡ, ಕುಡ್ಕೆ ಇಡ್ಕೊ."

ಆ ಮಣ್ಣನ್ನು ಒಣಗಿಸಿ ಕುಡಿಕೆಯ ಬಾಯಿಗೆ ಬಟ್ಟೆ ಕಟ್ಟಿ ಅಟ್ಟಕ್ಕೆ ಹಾಕಿದರು. ಮುಂದಿನ ಶ್ರಾವಣದಲ್ಲಿ ಇಳಿಸಿ, ಪುಡಿ ಮಾಡಿ, ಹೊಸ ಮಣ್ಣಿಗೆ ಬೆರೆಸಿ ತುಳಿದೆವು. ಹೆಪ್ಪು ಹಾಕಿದ ಮಣ್ಣು ಬೇರೆ ಥರ ಇತ್ತೇ ಅಂತ ಕೇಳಿದರೆ, ಇರಲಿಲ್ಲ. ಮಣ್ಣು ಮಣ್ಣಿನ ಹಾಗೇ ಇತ್ತು.

ನನ್ನ ಮೊದಲ ಮಗು ಹೆಣ್ಣು. ನಾನು ಮಣ್ಣು ತುಳಿಯುವಾಗ ಸೊಂಟದ ಮೇಲೆ ಇರುತ್ತಿದ್ದಳು, ಇಳಿಸಿದರೆ ಮಣ್ಣು ತಿನ್ನುತ್ತಿದ್ದಳು. ನಕ್ಕರೆ ಒಂದು ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು, ಇನ್ನೊಂದರಲ್ಲಿ ಇಲ್ಲ. ಗಿಡ್ಡ ಗಲ್ಲ. ಹುಬ್ಬು ಇದ್ದೂ ಇಲ್ಲದ ಹಾಗೆ. ಚೆಂದದ ಮಗು ಅಂತ ಯಾರೂ ಹೇಳಿದ್ದಿಲ್ಲ, ನಾನೂ ಅಂದುಕೊಂಡಿರಲಿಲ್ಲ. ಜರ್ಮನಿ ಲಡಾಯಿ ಅಂತ ಊರಲ್ಲಿ ಮಾತಾಡುತ್ತಿದ್ದ ಕಾಲದಲ್ಲಿ, ಒಂದು ಬೇಸಿಗೆಯಲ್ಲಿ, ಮನೆಗೆ ಅಮ್ಮ ಬಂದಳು. ಸಿಡುಬು ಅನ್ನುವ ಹಾಗಿರಲಿಲ್ಲ, ಅಮ್ಮ ಅನ್ನಬೇಕು. ಬಾಗಿಲಿಗೆ ಬೇವು ಕಟ್ಟಿದೆವು. ಒಗ್ಗರಣೆ ನಿಲ್ಲಿಸಿದೆವು. ಮಗುವಿನ ಮೈಮೇಲೆ ಅಮ್ಮ ಆಡುತ್ತಿದ್ದಾಳೆ ಅಂತ ಬಂದವರೆಲ್ಲ ಮಗುವಿನ ಕಾಲಿಗೆ ಕೈಮುಗಿದು ಹೋದರು. ಮುಖ ಪೂರ್ತಿ ತುಂಬಿಕೊಂಡಿತು. ಕಣ್ಣು ಯಾವುದು, ಬಾಯಿ ಯಾವುದು ತಿಳಿಯದ ಹಾಗಾಯಿತು. ಹೋಗುವಾಗ ಅದು ನನ್ನ ಮಗಳ ಮುಖವಾಗಿರಲಿಲ್ಲ.

ಅಮ್ಮ ಕರೆದುಕೊಂಡ ಮಗುವಿಗೆ ಅಳಬಾರದು. ಅತ್ತರೆ ಅಮ್ಮನಿಗೆ ಕೋಪ ಬಂದು ಇನ್ನೊಂದು ಮನೆಗೆ ಹೋಗುತ್ತಾಳೆ. ಕೇರಿಯ ಹೆಂಗಸರೆಲ್ಲ ತಮ್ಮ ಮಕ್ಕಳನ್ನು ಸೆರಗಲ್ಲಿ ಹಿಡಿದುಕೊಂಡು ನನ್ನ ಕಣ್ಣನ್ನೇ ನೋಡುತ್ತಿದ್ದರು. ಅಳಲಿಲ್ಲ. ಬೇವಿನ ಸೊಪ್ಪು ಹಾಕಿ ಮೊಸರನ್ನ ಎಡೆಯಿಟ್ಟು ಅಮ್ಮನನ್ನು ಊರಾಚೆಗೆ ಕಳಿಸಿದ ಮೇಲೆ ಅತ್ತೆ, "ಇನ್ನ ಅಳ್ಬೋದು ಕಣವ್ವ" ಅಂದರು. ಆಗ ನೋಡಿಕೊಂಡರೆ ಅಳು ಇರಲಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೂ ತಿಳಿಯುವುದಿಲ್ಲ, ಹಾಗೆ. ಜೋಮು ಬಿಡುವಾಗ ಚುರುಚುರು ಅನ್ನುತ್ತದೆ ಅಂತ ಕಾಯುತ್ತಿದ್ದೆ. ಬಿಡಲಿಲ್ಲ. ರಾಗಿ ಬೀಸಿದೆ, ನೀರು ತಂದೆ, ಮಣ್ಣು ತುಳಿದೆ.

ಆ ವರ್ಷ ಗೌರಿ ಮಾಡುವಾಗ ನಾನು ಏನನ್ನೂ ಯೋಚಿಸುತ್ತಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಈಗಿನವರು ಕೇಳುತ್ತಾರೆ, ಮನಸ್ಸಿನಲ್ಲಿದ್ದುದನ್ನು ಮಣ್ಣಿಗೆ ಇಳಿಸಿದೆಯಾ ಅಜ್ಜಿ ಅಂತ. ಮನಸ್ಸಿನಲ್ಲಿ ಏನೂ ಇರಲಿಲ್ಲ. ಕೈಯಲ್ಲಿ ಇತ್ತು. ದಿನಾ ಮೂರು ಹೊತ್ತು ತೊಳೆದ ಮುಖ, ಕೈಗೆ ಗೊತ್ತಿರುತ್ತದೆ. ಹೆಬ್ಬೆರಳು ತಾನಾಗಿ ಕೆನ್ನೆಯಲ್ಲಿ ಒಂದು ಗುಳಿ ಒತ್ತಿತು. ಅತ್ತೆ ಪಕ್ಕದಲ್ಲಿ ಕೂತು ಬಳೆ ತಿದ್ದುತ್ತಿದ್ದವರು ನೋಡಿದರು.

"ಮೊಗೀನ ಮೊಕ ಇದು."

ನಾನು ಅಳಿಸಲು ಹೋದೆ. ಕೈ ಹಿಡಿದರು. "ಇರ್ಲಿ ಬುಡು. ಬಂದವ್ಳೆ, ಬಂದೋಳ್ನ ಯಾಕ್ ಓಡಿಸ್ತೀಯ."

ಶ್ಯಾನುಭೋಗರ ಮನೆಯ ಅಮ್ಮನಿಗೆ ಪ್ರತಿವರ್ಷ ನಮ್ಮ ಮನೆಯಿಂದಲೇ ಗೌರಿ ಹೋಗುವುದು. ಅವರ ಪಡಸಾಲೆಯಲ್ಲಿ ಇಳಿಸಿದಾಗ ಆಕೆ ಕಣ್ಣು ಕಿರಿದು ಮಾಡಿ ನೋಡಿ ನಕ್ಕರು. "ಏನೇ ಇದು, ಈ ಸಲ ನಿನ್ನ ಗೌರಿಗೆ ಹಾಲುಹಲ್ಲೂ ಬಿದ್ದಿಲ್ಲವಲ್ಲೇ! ಇವಳಿಗೆ ಗಂಡನ ಮನೆಯಿಂದ ತವರಿಗೆ ಬರುವ ವಯಸ್ಸೇನೇ?"

"ಚಿಕ್ಕೋಳಾದ್ರೇನು ಕಣ್ರವ್ವ, ಬಾಗ್ನ ಇಸ್ಕತಾಳೆ ಬುಡಿ" ಅಂದೆ. ಆಕೆ ಮತ್ತೆ ನಕ್ಕು, ಮೊರದಲ್ಲಿ ಅಕ್ಕಿ ಬೆಲ್ಲ ಕೊಟ್ಟರು.

ಆಮೇಲೆ ಪ್ರತಿ ವರ್ಷ ಮಾಡಿದೆ. ನನಗೆ ಬೇಕಾಗಿದ್ದುದು ಒಂದೇ: ಆ ಮುಖ ನನ್ನ ಕೈತಪ್ಪಿ ಹೋಗಬಾರದು. ಪಟ ತೆಗೆಸುವುದು ಮೈಸೂರಿನ ದೊಡ್ಡವರಿಗೆ. ನಮ್ಮಂಥವರ ಮಕ್ಕಳು ಹೋದರೆ ಮುಖವೂ ಹೋಯಿತು. ನನಗೆ ಮಾತ್ರ ವರ್ಷಕ್ಕೆ ಒಂದು ಸಲ ಅದು ಕೈಗೆ ಬರುತ್ತಿತ್ತು, ಅಷ್ಟೇ. ಅದು ಬಂದಾಗ ಸಂತೋಷವೂ ಆಗುತ್ತಿರಲಿಲ್ಲ, ದುಃಖವೂ ಇಲ್ಲ. ಬಾಗಿಲು ಹಾಕಿದೆಯಾ ಅಂತ ಎದ್ದು ನೋಡಿ ಬಂದು ಮಲಗುತ್ತೇವಲ್ಲ, ಅಷ್ಟು ಸಮಾಧಾನ.

ಹಲವು ಹಬ್ಬ ಕಳೆದ ಮೇಲೆ ಒಂದು ಶ್ರಾವಣದಲ್ಲಿ ಗುಳಿ ಒತ್ತಲು ಹೋದ ಹೆಬ್ಬೆರಳು ನಿಂತುಬಿಟ್ಟಿತು. ಎಡಗೆನ್ನೆಯೋ ಬಲಗೆನ್ನೆಯೋ? ಗೌರಿಯ ಎಡಗೆನ್ನೆಗೆ ಒತ್ತುತ್ತ ಬಂದಿದ್ದೆ. ನೆನಪಿನಲ್ಲಿದ್ದ ಎಡ ಮಗುವಿನ ಎಡವೋ, ಎದುರಿಗೆ ಕೂತ ನನ್ನ ಎಡವೋ? ನಾನು ಬಲಗೈಯವಳು. ಎದುರಿಗಿಟ್ಟ ಮುಖದಲ್ಲಿ ನನ್ನ ಬಲಗೈ ಹೆಬ್ಬೆರಳಿಗೆ ಸಲೀಸಾಗಿ ಸಿಗುವುದು ಅದರ ಎಡಗೆನ್ನೆ. ಹಾಗಾದರೆ ನೆನಪು ಒತ್ತಿದ್ದೋ, ಸಲೀಸು ಒತ್ತಿದ್ದೋ?

ತಿಗರಿಯ ಮುಂದೆ ಕೂತಿದ್ದ ಗಂಡನನ್ನು ಕೇಳಿದೆ. "ಅಲ್ಲಾ, ಮೊಗೀಗೆ ಯಾವ ಕೆನ್ನೇಲಿ ಗುಳಿ ಬೀಳ್ತಿತ್ತು?"

"ಗುಳಿ ಬೀಳ್ತಿತ್ತಾ?" ಅಂದ.

ಅವನನ್ನು ಬೈಯಲಿಲ್ಲ. ಅವನು ಮಗುವನ್ನು ಎತ್ತಿಕೊಂಡಾಗಲೆಲ್ಲ ಅದು ಅಳುತ್ತಿತ್ತು, ಗುಳಿ ಎಲ್ಲಿ ನೋಡಬೇಕು. ಅತ್ತೆ ಎಡ ಅಂದರು. ಮಾವನ ತಂಗಿ ಬಂದಿದ್ದಾಗ ಕೇಳಿದರೆ ಬಲ ಅಂದಳು, ಆಣೆ ಬೇರೆ ಇಟ್ಟಳು. ಆವತ್ತು ನನಗೆ ಇನ್ನೊಂದು ವಿಷಯವೂ ತಿಳಿಯಿತು. ನಾನು ಮಗುವನ್ನು ನೋಡಿ ಮಾಡುತ್ತಿರಲಿಲ್ಲ. ಹೋದ ವರ್ಷದ ಗೌರಿಯನ್ನು ನೋಡಿ ಮಾಡುತ್ತಿದ್ದೆ. ಹೋದ ವರ್ಷ ಅದರ ಹಿಂದಿನ ವರ್ಷದ್ದನ್ನು. ಮೊಸರಿನಿಂದ ಮೊಸರು, ಅದರಿಂದ ಇನ್ನೊಂದು ಮೊಸರು. ಮೊದಲು ಕರೆದ ಹಾಲು ಯಾವ ಹಸುವಿನದೋ.

ಆ ಕಾಲಕ್ಕೇ ನನ್ನ ಮೈದುನ ಮೈಸೂರಿನಿಂದ ಬಂದ. ಅವನು ಅಲ್ಲಿ ದಸರಾ ಗೊಂಬೆ ಮಾಡುವವರ ಹತ್ತಿರ ಕೆಲವು ವರ್ಷ ಕೆಲಸಕ್ಕಿದ್ದು, ಅಚ್ಚು ತೆಗೆಯುವುದನ್ನು ಕಲಿತಿದ್ದ. ಒಂದು ಮುಖವನ್ನು ಚೆನ್ನಾಗಿ ಮಾಡಿ, ಅದರ ಮೇಲೆ ಮಣ್ಣು ಒತ್ತಿ, ಬಿಡಿಸಿ ಸುಟ್ಟರೆ ಅಚ್ಚು. ಆಮೇಲೆ ಅದರೊಳಗೆ ಮಣ್ಣು ತಟ್ಟಿ ತೆಗೆಯುತ್ತ ಹೋಗುವುದು. ಮಾತು ಮಾತಿಗೆ ಮೈಸೂರು ಅನ್ನುತ್ತಿದ್ದ, ತಲೆಗೆ ಎಣ್ಣೆ ಹಾಕಿ ಪಕ್ಕಕ್ಕೆ ಬಾಚುತ್ತಿದ್ದ, ಆದರೆ ಕೆಟ್ಟವನಲ್ಲ.

"ಅತ್ಗೆ, ನೀನು ಒಂದ್ ಮೊಕ ಮಾಡ್ಕೊಡು ಸಾಕು. ಉಣ್ಸೂರ್ ಸಂತೆಗೂ ಅದೇ ಗೌರಿ, ಕ್ವಾಟೆ ಸಂತೆಗೂ ಅದೇ ಗೌರಿ. ತೆಳ್ಳಗೆ ತಟ್ಟಿ ಒಂಚೂರು ಸುಟ್ಬುಟ್ರೆ ಗಾಡೀಲಿ ಓದ್ರೂ ಒಡೆಯಲ್ಲ. ನೀನ್ ಸತ್ ಮ್ಯಾಲೂ ಅದೇ ಮೊಕ ಇರ್ತದೆ."

"ಸುಟ್ಟಿದ್ದು ಎಪ್ಪಾಗಲ್ಲ ಕಣ್ಲಾ" ಅಂದರು ಅತ್ತೆ. ಅವರಿಗೆ ಆಗ ಕಣ್ಣು ಕಾಣುತ್ತಿರಲಿಲ್ಲ. ಜಗಲಿಯ ಮೂಲೆಯಲ್ಲಿ ಕೂತು ಎಲ್ಲಕ್ಕೂ ಉತ್ತರ ಕೊಡುತ್ತಿದ್ದರು.

"ಎಪ್ಪು ತಗೊಂಡ್ ಏನ್ ಮಾಡಿಯವ್ವ, ಅಚ್ಚೇ ಇರೋವಾಗ. ದ್ಯಾವ್ರೂ ಒಂದ್ಸಲ ಗಟ್ಟಿಯಾಗ್ ಕೂತ್ಕಳ್ಳಿ ಬುಡು."

ಅವನಿಗೆ ಸಂತೆ ಬೇಕಿತ್ತು. ನನಗೆ ಬೇಕಾದದ್ದು ಅವನು ಕೊನೆಗೆ ಹೇಳಿದ ಮಾತು. ಅದೇ ಮುಖ ಇರುತ್ತದೆ ಅನ್ನುವುದು. ಇಲ್ಲಿಯವರೆಗೆ ಎಷ್ಟು ಹೋಗಿದೆಯೋ ಹೋಗಲಿ, ಉಳಿದದ್ದು ಇನ್ನು ಜರುಗಬಾರದು. ಒಪ್ಪಿದೆ.

ಶ್ರಾವಣವೆಲ್ಲ ಆ ಒಂದು ಮುಖ ಮಾಡಿದೆ. ಮಾಡುವುದು, ಮುರಿಯುವುದು, ನೀರು ಚಿಮುಕಿಸಿ ಮತ್ತೆ ಉಂಡೆ ಕಟ್ಟುವುದು. ಯೋಚಿಸದೆ ಮಾಡಿದಾಗ ಬಂದದ್ದು ಯೋಚಿಸಿ ಕೂತಾಗ ಬರಲಿಲ್ಲ. ಗಲ್ಲ ಗಿಡ್ಡ ಮಾಡಿದರೆ ಹಣೆ ಜಾಸ್ತಿಯಾಯಿತು. ಹುಬ್ಬು ಅಳಿಸಿದರೆ ಬೋಳಾಯಿತು. ಮೈದುನ ದಿನಾ ಬಂದು "ಆಯ್ತಾ ಅತ್ಗೆ" ಅನ್ನುತ್ತಿದ್ದ. ಕೊನೆಗೆ ಒಂದು ದಿನ ಬೇಜಾರಾಗಿ, ಕೈಗೆ ಬಂದ ಹಾಗೆ ಮಾಡಿ ಇಟ್ಟೆ. ನೋಡಲು ಚೆನ್ನಾಗಿತ್ತು. ಮೈದುನನಿಗೆ ಕೊಡುವ ಮೊದಲು ಅತ್ತೆಯ ಮಡಿಲಿಗೆ ಹಿಡಿದೆ. ಅವರು ಬೆರಳಿನಿಂದ ಹಣೆ, ಮೂಗು, ಕೆನ್ನೆ, ಗಲ್ಲ ಎಲ್ಲ ಸವರಿದರು. ಇನ್ನೊಮ್ಮೆ ಸವರಿದರು.

"ಇದ್ಯಾರು?"

"ಯಾರಂದ್ರೆ? ಮೊಗಾನೇಯ."

"ಮೊಗ ಅಲ್ಲ ಕಣಮ್ಮಿ ಇದು. ಇವ್ಳು ದೊಡ್ಡೋಳಾಗವ್ಳೆ."

ನಾನು ಮುಖವನ್ನು ಬೆಳಕಿಗೆ ಹಿಡಿದು ನೋಡಿದೆ. ಹೌದು. ಕೆನ್ನೆ ಇಳಿದಿತ್ತು. ಗಲ್ಲ ಉದ್ದವಾಗಿತ್ತು. ಬದುಕಿದ್ದರೆ ಆ ಹೊತ್ತಿಗೆ ಅವಳ ಕಂಕುಳಲ್ಲೇ ಮಗು ಇರುತ್ತಿತ್ತು. ವರ್ಷಕ್ಕೊಂದು ಚೂರು, ಯಾರಿಗೂ ಹೇಳದೆ, ನನ್ನ ಕೈ ಅವಳನ್ನು ಬೆಳೆಸಿತ್ತು. ನಾನು ಹಿಡಿದುಕೊಂಡಿದ್ದೇನೆ ಅಂದುಕೊಂಡಿದ್ದೆ. ಮಣ್ಣಿನ ಮೇಲಿನ ಕೈ ಯಾವತ್ತೂ ನಿಂತಲ್ಲಿ ನಿಂತಿರುವುದಿಲ್ಲ, ಇದು ಮಣ್ಣು ತುಳಿಯುವ ಎಲ್ಲರಿಗೂ ಗೊತ್ತಿರುವುದೇ. ನನಗೂ ಗೊತ್ತಿತ್ತು, ಮಗಳ ವಿಷಯಕ್ಕೆ ಅದನ್ನು ಹಚ್ಚಿ ನೋಡಿರಲಿಲ್ಲ.

ಆದರೂ ಮುರಿಯಲಿಲ್ಲ. ದೊಡ್ಡವಳಾಗಿದ್ದರೆ ಆಗಲಿ, ಇಲ್ಲಿಗೆ ನಿಲ್ಲಲಿ ಅಂದುಕೊಂಡು ಮೈದುನನ ಕೈಗೆ ಕೊಟ್ಟೆ. ಅವನು ಅಚ್ಚು ತೆಗೆದ. ಆ ವರ್ಷ ನಮ್ಮ ಅಂಗಳದಲ್ಲಿ ಸಾಲಾಗಿ ಗೌರಿಗಳು ಕೂತವು, ಎಲ್ಲಕ್ಕೂ ಎಡಗೆನ್ನೆಯಲ್ಲಿ ಗುಳಿ. ಹಸಿ ಮಣ್ಣಿನದು ಒಂದೂ ಮಾಡಲಿಲ್ಲ. ಗಾಡಿ ತುಂಬಿ ಮೈದುನ ಸಂತೆಗಳಿಗೆ ಹೋದ, ಬರಿಗಾಡಿ ತಂದ. ಶ್ಯಾನುಭೋಗರ ಅಮ್ಮ, "ಅಂತೂ ನಿನ್ನ ಗೌರಿ ಸಂಸಾರಸ್ಥೆ ಆದಳು ಕಣೇ" ಅಂದರು. ಊರಿನವರು ಅವನ್ನೇ ಪೂಜೆ ಮಾಡಿ, ಅವನ್ನೇ ಕೆರೆಗೆ ಬಿಟ್ಟರು. ಬುಳುಬುಳು ಅಂತ ಮುಳುಗಿದವು. ಮಾರನೆ ದಿನ ಸೋಪಾನದಲ್ಲಿ ಬಾಚಲು ಏನೂ ಇರಲಿಲ್ಲ. ಕುಡಿಕೆ ಖಾಲಿ ತಂದೆ.

ಬೇಸಿಗೆಯಲ್ಲಿ ಕೆರೆ ಬತ್ತಿದ ಮೇಲೆ ನಾವು ವರ್ಷದ ಮಣ್ಣು ತೆಗೆಯುವುದು. ಗಂಡ ಅಗೆಯುತ್ತಿದ್ದ, ನಾನು ಮಂಕರಿಗೆ ತುಂಬುತ್ತಿದ್ದೆ. ಗುದ್ದಲಿಗೆ ಟಣ್ ಅಂತು. ಕಲ್ಲು ಅಂದುಕೊಂಡು ಬಗ್ಗಿ ತೆಗೆದೆ. ಗೌರಿಯ ತಲೆ. ಅದರ ಪಕ್ಕ ಇನ್ನೊಂದು. ಸ್ವಲ್ಪ ಆಚೆ ಕೆಸರು ಒಣಗಿ ಬಿರಿದ ಕಡೆ ಮೂರೋ ನಾಲ್ಕೋ ಅಂಗಾತ ಬಿದ್ದಿದ್ದವು. ಒಂದರ ಮೇಲೆ ಎಮ್ಮೆಯ ಗೊರಸು ಬಿದ್ದು ಅರ್ಧ ಹೂತಿತ್ತು. ಬಣ್ಣ ಹೋಗಿತ್ತು, ಅಷ್ಟೇ. ಮುಖ ಹಾಗೇ ಇತ್ತು. ನಾನು ಕೇಳಿಕೊಂಡದ್ದು ಅದನ್ನೇ ಅಲ್ಲವೇ, ಹಾಗೇ ಇರಲಿ ಅಂತ.

ಒಂದನ್ನು ಸೆರಗಿನಿಂದ ಒರೆಸಿ ನೋಡಿದೆ. ಈಗಲಾದರೂ ಏನಾದರೂ ಚುರ್ ಅನ್ನುತ್ತದೇನೋ ಅಂತ ನಿಂತುಕೊಂಡೆ. ಏನೂ ಅನ್ನಲಿಲ್ಲ. ಆ ಮುಖ ಅವಳದಾಗಿರಲಿಲ್ಲ. ಒಂದು ವರ್ಷ ಬೇಜಾರು ಬಂದು ನಾನು ಮಾಡಿಟ್ಟ ಮುಖ ಅದು. ಅವಳು ವರ್ಷ ವರ್ಷ ಕರಗಿ, ಅಟ್ಟದ ಮೇಲೆ ಕೂತು, ಮತ್ತೆ ತುಳಿಸಿಕೊಂಡು ಬರುತ್ತಿದ್ದವಳು. ಬರುವ ದಾರಿಗೇ ನಾನು ಬೆಂಕಿ ಹಾಕಿಸಿದ್ದೆ.

"ಬೋಕಿ ಎಲ್ಲಾ ಆರ್ಸಿ ಆಚ್ಗೆ ಎಸಿ. ತಿಗ್ರಿ ಮ್ಯಾಲೆ ಬಂದ್ರೆ ಬೆರ್ಳು ಕುಯ್ತದೆ" ಅಂದ ಗಂಡ. ಒಡೆದ ಮಡಕೆ ಚೂರಿಗೆ ನಾವು ಬೋಕಿ ಅನ್ನುತ್ತೇವೆ. ಅವನ ಮಾತಿನಲ್ಲಿ ತಪ್ಪೇನಿಲ್ಲ, ಅವು ಬೋಕಿಯೇ. ಆದರೆ ಎಸೆಯಲಿಲ್ಲ. ಆವಿಗೆ ಮುಚ್ಚಲು ಬೋಕಿ ಬೇಕೇಬೇಕು, ಶಾಖ ಆಚೆ ಹೋಗದ ಹಾಗೆ. ಒಂದು ಮಂಕರಿ ತುಂಬಿಕೊಂಡು ಮನೆಗೆ ತಂದೆ. ಆ ಬೇಸಿಗೆಯ ಆವಿಗೆಯ ಮೇಲೆ ಅವನ್ನೇ ಕವುಚಿ ಹಾಕಿದೆ, ಮುಖ ಒಳಗಡೆಗೆ.

ಮೈದುನ ಮುನಿಸಿಕೊಂಡ. ಮುಂದಿನ ಶ್ರಾವಣಕ್ಕೆ ಅಚ್ಚು ಕೇಳಿದಾಗ, "ನಿಂಗೆ ಬ್ಯಾರೆ ಮೊಕ ಮಾಡ್ಕೊಡ್ತೀನಿ ಕಣಪ್ಪ, ಇದು ಬ್ಯಾಡ" ಅಂದೆ. ಮೈಸೂರಿನ ಗೊಂಬೆಯ ಹಾಗೆ ದೊಡ್ಡ ಕಣ್ಣು, ಬಿಲ್ಲಿನಂಥ ಹುಬ್ಬು ಮಾಡಿಕೊಟ್ಟೆ. ಅದು ಇನ್ನೂ ಚೆನ್ನಾಗಿ ಹೋಯಿತು ಸಂತೆಯಲ್ಲಿ. ಹಳೇ ಅಚ್ಚನ್ನು ಕೋಳಿಗಳಿಗೆ ನೀರು ಕುಡಿಯಲು ಇಟ್ಟೆ, ಅದರ ಗುಂಡಿಯಲ್ಲಿ ಒಂದು ಪಾವು ನೀರು ಹಿಡಿಯುತ್ತಿತ್ತು. ಗುಳಿ ಇದ್ದ ಕಡೆ ಅಚ್ಚಿನಲ್ಲಿ ಒಂದು ಸಣ್ಣ ಗುಬುಟು. ನೀರು ಕಮ್ಮಿಯಾದಾಗ ಅದು ಕಾಣುತ್ತಿತ್ತು, ಹೋಗಿ ನೀರು ಹಾಕುತ್ತಿದ್ದೆ.

ಕೈಯಲ್ಲಿ ಮಾಡುವ ಗೌರಿಗೆ ಮಣ್ಣು ತುಳಿಯಲು ಕೂಡಿಸಿದಾಗ ಕುಡಿಕೆ ಖಾಲಿ ಅನ್ನುವುದು ನೆನಪಾಯಿತು. ಅತ್ತೆಗೆ ಹೇಳಿದೆ. "ಎಪ್ಪಿಲ್ಲ ಕಣತ್ತೆ. ಇಲ್ಲಿಗೆ ತಪ್ಪೋಯ್ತು."

ಅತ್ತೆ ಎಲೆ ಅಡಿಕೆ ಅಗಿಯುತ್ತಿದ್ದರು. ಉಗಿದು ಬಂದು ಅಂದರು, "ನೀನು ಮಣ್ಣ ಎಲ್ಲಿಂದ ತಂದೆ?"

"ಕೆರೆಯಿಂದ."

"ಗೌರಿ ಎಲ್ಲಿಗ್ ಬುಟ್ಟಿದ್ದು ಇಷ್ಟ್ ವರ್ಸ?"

"ಕೆರೆಗೆ."

"ಮತ್ತೆ? ಕೆರೆ ತುಂಬಾ ಎಪ್ಪೇ ಐತಲ್ಲಮ್ಮಿ. ನಾನು ಒಂದಿಡಿ ತರ್ತಿದ್ದುದು ನಂಗೆ ಗ್ಯಾಪ್ಕ ಇರ್ಲಿ ಅಂತ. ಮಣ್ಗೆ ಗ್ಯಾಪ್ಕ ಇಲ್ವಾ?"

ಇಷ್ಟು ವರ್ಷ ಅದನ್ನು ಯಾಕೆ ಹೇಳಲಿಲ್ಲ ಅಂತ ಕೇಳಬೇಕೆನಿಸಿತು. ಮಣ್ಣಿಗೆ ನೀರು ಹಾಕಿ ತುಳಿದೆ.

ಆ ವರ್ಷದ ಗೌರಿಗೆ ಯಾರ ಮುಖ ಬಂತು ಅಂತ ಹೇಳಲಾರೆ. ಮೂಗು ಅತ್ತೆಯದಿತ್ತೋ ಏನೋ. ಬಾಯಿ ನಮ್ಮವ್ವ ಮಾಡುತ್ತಿದ್ದ ಹಾಗೆ ಬರೀ ಒಂದು ಗೀರಾಗಿ ಬಂತು. ಗುಳಿ ಒತ್ತುವ ಹೊತ್ತಿಗೆ ಎಡವೋ ಬಲವೋ ಅಂತ ಯೋಚಿಸಲಿಲ್ಲ, ಹೆಬ್ಬೆರಳು ಎಲ್ಲಿ ಬಿತ್ತೋ ಅಲ್ಲಿ ಒತ್ತಿದೆ. ಶ್ಯಾನುಭೋಗರ ಅಮ್ಮ ನೋಡಿದರು. "ಇವಳು ಯಾರೇ? ಹೋದ ವರ್ಷದವಳು ಎಲ್ಲಿ?"

"ಅವ್ಳೇ ಕಣ್ರವ್ವ" ಅಂದೆ. "ಕರಗಿ ಬಂದವ್ಳೆ."

ಆಕೆ ತಲೆ ಅಲ್ಲಾಡಿಸಿ ಮೊರ ತರಲು ಒಳಗೆ ಹೋದರು. ನಾನು ಗೌರಿಯನ್ನು ಮಣೆಯ ಮೇಲೆ ಇಳಿಸಿ, ಅಂಗೈಗೆ ಅಂಟಿದ್ದ ಮಣ್ಣನ್ನು ಸೆರಗಿಗೆ ಒರೆಸಿಕೊಂಡು ನಿಂತೆ. ಮುಂದಿನ ಮನೆಯ ಗೌರಿ ಇನ್ನೂ ಮಂಕರಿಯಲ್ಲಿತ್ತು.